ಮೊದಲ ಲಾಗಿನ್‌ಗೆ ಯಾರ ಮೊಬೈಲ್?

ವಿಶ್ವವಿದ್ಯಾಲಯದಲ್ಲಿ ಇಮೇಲ್ ಖಾತೆ ತೆರೆಯುವುದು ದೊಡ್ಡ ಕೆಲಸವೇನಲ್ಲ. ಪ್ರವೇಶ ವಿಭಾಗದವರು ಕಳಿಸಿದ ಎಕ್ಸೆಲ್ ಪಟ್ಟಿಯನ್ನು ತಿದ್ದಿ, ಸಂಸ್ಥೆಗಳಿಗೆ ಇಮೇಲ್ ಒದಗಿಸುವ ಗೂಗಲ್ ವರ್ಕ್‌ಸ್ಪೇಸ್‌ನ ಆಡಳಿತ ಪುಟಕ್ಕೆ ಏರಿಸಿದರೆ, ಊಟ ಮುಗಿಸಿ ಬರುವಷ್ಟರಲ್ಲಿ ಆ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿಗಳ ಖಾತೆಗಳೆಲ್ಲ ಸಿದ್ಧವಾಗಿರುತ್ತವೆ. ಗಣಕ ಕೇಂದ್ರದಲ್ಲಿ ಕೂರುವ ನಮ್ಮಂಥವರ ಬೆವರಿಳಿಸುವುದು ಅದರ ಮುಂದಿನ ಕೆಲಸ. ತೆರೆದ ಖಾತೆ ವಿದ್ಯಾರ್ಥಿಯ ಕೈ ಸೇರಬೇಕು. ವಿಳಾಸವನ್ನೂ ತಾತ್ಕಾಲಿಕ ಪಾಸ್‌ವರ್ಡನ್ನೂ ಬರೆದ ಚೀಟಿ ಕೊಟ್ಟ ಮಾತ್ರಕ್ಕೆ ಅದು ಕೈ ಸೇರಿದಂತಲ್ಲ.

ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಪ್ರವೇಶದ ಅರ್ಜಿಯನ್ನು ತಮ್ಮೂರಿನ ಅಥವಾ ತಾಲ್ಲೂಕು ಕೇಂದ್ರದ ಸೈಬರ್ ಅಂಗಡಿಯಲ್ಲಿ ತುಂಬಿಸಿರುತ್ತಾರೆ. ಅರ್ಜಿಯಲ್ಲಿರುವ ಮೊಬೈಲ್ ಸಂಖ್ಯೆ ಕೆಲವೊಮ್ಮೆ ಅಂಗಡಿಯವನದು, ಕೆಲವೊಮ್ಮೆ ಚಿಕ್ಕಪ್ಪನದು, ಅಪರೂಪಕ್ಕೆ ವಿದ್ಯಾರ್ಥಿಯದು. ಅದೇ ಸಂಖ್ಯೆ ಪಟ್ಟಿಯ ಮೂಲಕ ಇಮೇಲ್ ಖಾತೆಯ ಮರುಪಡೆಯುವಿಕೆ ಸಂಖ್ಯೆಯಾಗಿಯೂ (ಖಾತೆ ನಿಮ್ಮದೇ ಎಂದು ತೋರಿಸಿ ಬಿಡಿಸಿಕೊಳ್ಳುವ ಸಂಖ್ಯೆ) ಕೂತುಬಿಟ್ಟರೆ, ಹೊಸ ಮೊಬೈಲ್‌ನಿಂದ ಲಾಗಿನ್ ಆದಾಗ ‘ಇದು ನೀವೇ ಎಂದು ದೃಢಪಡಿಸಿ’ ಎಂಬ ಸಂದೇಶದ ಕೋಡ್ ಯಾರ ಜೇಬಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

“ಕೋಡ್ ಬಂದಿದೆಯೇನಮ್ಮ?”

“ಬಂದಿರಬೇಕು ಮೇಡಂ, ಅಣ್ಣನ ಮೊಬೈಲ್‌ಗೆ. ಅವನು ಕಂಡಕ್ಟರ್, ಡ್ಯೂಟಿಯಲ್ಲಿದ್ದಾನೆ. ಊಟಕ್ಕೆ ಬಸ್ ನಿಲ್ಲಿಸಿದಾಗ ಫೋನ್ ಮಾಡುತ್ತಾನೆ.”

ಬಸ್ ನಿಲ್ಲುವವರೆಗೆ ಕೋಡ್ ಕಾಯುವುದಿಲ್ಲ. ಕಾದರೂ, ಅಣ್ಣನ ಕೈಯಲ್ಲಿ ತಂಗಿಯ ಖಾತೆಯ ಕೀಲಿ ಎರಡು ವರ್ಷ ಇರುವುದು ನನಗೆ ಒಪ್ಪಿಗೆಯಲ್ಲ. ಅಣ್ಣ ಒಳ್ಳೆಯವನೇ ಇರಬಹುದು, ಆ ಮಾತು ಬೇರೆ.

ಈಗ ನಾವು ಪಟ್ಟಿಯಲ್ಲಿ ಮರುಪಡೆಯುವಿಕೆ ಸಂಖ್ಯೆಯ ಅಂಕಣವನ್ನು ಖಾಲಿ ಬಿಡುತ್ತೇವೆ. ವಿದ್ಯಾರ್ಥಿ ಪ್ರಯೋಗಾಲಯದಲ್ಲಿ ಕೂತು ಮೊದಲ ಸಲ ಲಾಗಿನ್ ಆದಾಗ, ಪಾಸ್‌ವರ್ಡ್ ಬದಲಿಸಿದ ಮರುಕ್ಷಣವೇ ತನ್ನ ಸಂಖ್ಯೆಯನ್ನು ತಾನೇ ಹಾಕಬೇಕು. ಅದು ತನ್ನ ಹತ್ತಿರವೇ ಇರುವ, ರೀಚಾರ್ಜ್ ಆಗಿರುವ ಸಿಮ್ ಆಗಿರಬೇಕು. ಎರಡು ಸಿಮ್ ಇಟ್ಟುಕೊಂಡು ಒಂದಕ್ಕೇ ದುಡ್ಡು ಹಾಕುವವರು ಬಹಳ. ರೀಚಾರ್ಜ್ ಅವಧಿ ಮುಗಿದು ಸ್ವಲ್ಪ ದಿನವಾದರೆ ಇನ್ನೊಂದಕ್ಕೆ ಸಂದೇಶ ಬರುವುದೂ ನಿಲ್ಲುತ್ತದೆ ಎಂಬುದು ಅವರ ಗಮನಕ್ಕೆ ಬರುವುದು ಕೋಡ್ ಬಾರದಿದ್ದಾಗಲೇ. ಪಾಸ್‌ವರ್ಡಿನ ಜೊತೆಗೆ ಕೋಡನ್ನೂ ಕೇಳುವ ಎರಡು ಹಂತದ ದೃಢೀಕರಣವನ್ನು ಆಗಲೇ ಚಾಲೂ ಮಾಡಿಸುತ್ತೇವೆ. ಅದರ ಜೊತೆಗೆ ಸಿಗುವ ಎಂಟಂಕಿಯ ಹತ್ತು ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ, ಅಂಕಪಟ್ಟಿ ಇಡುವ ಫೈಲಿನಲ್ಲೇ ಇಡಲು ಹೇಳುತ್ತೇವೆ. ಮಲೆನಾಡಿನ ಕಡೆಯ ಹುಡುಗರಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿಲ್ಲ. ರಜೆಯಲ್ಲಿ ಮನೆಗೆ ಹೋದಾಗ ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ಕಷ್ಟ ಅವರಿಗೆ ಗೊತ್ತು. ಬ್ಯಾಕಪ್ ಕೋಡ್‌ಗೆ ಎಸ್‌ಎಂಎಸ್ ಬೇಕಿಲ್ಲ.

ಹೆಸರಿನ ತಕರಾರು ಇನ್ನೊಂದು. ಗೂಗಲ್‌ನ ಪಟ್ಟಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಕೇಳುತ್ತದೆ. ನಮ್ಮವರಿಗೆ ಇರುವುದು ಒಂದು ಹೆಸರು, ಹಿಂದೋ ಮುಂದೋ ಇನಿಷಿಯಲ್. ‘ಲಕ್ಷ್ಮೀ’ ಇಂಗ್ಲಿಷ್‌ಗೆ ಇಳಿದರೆ ಎಷ್ಟು ಬಗೆಯ ಕಾಗುಣಿತ ತಾಳುತ್ತಾಳೆಂದು ಹಾಜರಿ ಪುಸ್ತಕ ಬರೆಯುವವರನ್ನೇ ಕೇಳಬೇಕು. ಆದ್ದರಿಂದ ವಿದ್ಯಾರ್ಥಿಗಳ ವಿಳಾಸಕ್ಕೆ ನೋಂದಣಿ ಸಂಖ್ಯೆಯನ್ನೇ ಇಟ್ಟಿದ್ದೇವೆ, ಕಾಣುವ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆಯೇ ಇರುತ್ತದೆ. ಸಂಶೋಧನಾ ವಿದ್ಯಾರ್ಥಿಗಳಿಗೆ ಮಾತ್ರ ಹೆಸರಿನ ವಿಳಾಸ. ಅವರ ಲೇಖನದ ಕೆಳಗೆ ಆ ವಿಳಾಸ ಅಚ್ಚಾಗುತ್ತದೆ, ಅಲ್ಲಿ ಅಂಕಿಗಳ ಸಾಲು ಚೆನ್ನಾಗಿ ಕಾಣುವುದಿಲ್ಲ.

“ನನ್ನ ಹತ್ತಿರ ಜಿಮೇಲ್ ಇದೆಯಲ್ಲ ಮೇಡಂ, ಇದೇಕೆ?” ಎಂದು ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ವಿಳಾಸದ ಕೊನೆಯ ‘ಎಸಿ ಡಾಟ್ ಇನ್’ ದುಡ್ಡು ಕೊಟ್ಟವರಿಗೆಲ್ಲ ಸಿಗುವುದಿಲ್ಲ. ಅದನ್ನು ಶಿಕ್ಷಣ ಸಂಸ್ಥೆಗಳಿಗೆ, ದಾಖಲೆ ನೋಡಿ ಕೊಡುವುದು ಕೇಂದ್ರ ಸರ್ಕಾರದ ಅಧೀನದ ಅರ್ನೆಟ್ ಇಂಡಿಯಾ ಸಂಸ್ಥೆ. ಅದಕ್ಕಾಗಿಯೇ ತಂತ್ರಾಂಶ ಕಂಪನಿಗಳು ವಿದ್ಯಾರ್ಥಿ ರಿಯಾಯಿತಿ ಕೊಡುವಾಗ, ಗ್ರಂಥಾಲಯ ಹೊರಗಿನಿಂದ ನಿಯತಕಾಲಿಕೆ ಓದಲು ಬಿಡುವಾಗ ಈ ವಿಳಾಸ ಕೇಳುವುದುಂಟು. ಆದರೆ ಉದ್ಯೋಗದ ಅರ್ಜಿಗೆ, ಬ್ಯಾಂಕಿಗೆ, ಕೆಪಿಎಸ್‌ಸಿಗೆ ಸ್ವಂತ ಜಿಮೇಲನ್ನೇ ಕೊಡಿ ಎನ್ನುತ್ತೇನೆ. ನಮ್ಮ ಖಾತೆ ಓದು ಮುಗಿದ ಮೇಲೆ ಉಳಿಯುವುದಿಲ್ಲ.

ಉಳಿಯದಿರುವುದಕ್ಕೆ ಕಾರಣವಿದೆ. ಒಂದು ಕಾಲದಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಗೂಗಲ್ ಮಿತಿಯಿಲ್ಲದ ಜಾಗ ಕೊಟ್ಟಿತ್ತು. 2021ರಲ್ಲಿ ಅದನ್ನು ನಿಲ್ಲಿಸುವುದಾಗಿ ಹೇಳಿ, 2022ರಿಂದ ಇಡೀ ಸಂಸ್ಥೆಗೆ ಒಟ್ಟಾಗಿ 100 ಟೆರಾಬೈಟ್ ಎಂದು ಗೊತ್ತುಮಾಡಿತು. ಹತ್ತು ಸಾವಿರ ಖಾತೆ ಇರುವ ಕಡೆ ತಲೆಗೆ ಹತ್ತು ಗಿಗಾಬೈಟ್ ಆಯಿತು. ಇದರಲ್ಲಿ ಇಮೇಲ್ ತಿನ್ನುವುದು ಅಲ್ಪ. ಮೊಬೈಲ್‌ಗೆ ಈ ಖಾತೆಯನ್ನು ಸೇರಿಸುವಾಗ ಫೋಟೋ ಬ್ಯಾಕಪ್ ಇದಕ್ಕೇ ಹೋಗುವಂತೆ ಆಗಿಬಿಟ್ಟರೆ, ಅಕ್ಕನ ಮದುವೆಯ ವಿಡಿಯೋ ಪೂರ್ತಿ ವಿಶ್ವವಿದ್ಯಾಲಯದ ಲೆಕ್ಕಕ್ಕೆ ಬೀಳುತ್ತದೆ. ಆ ಒಂದು ಆಯ್ಕೆಯನ್ನು ನಮ್ಮೆದುರಿಗೇ ಬಂದ್ ಮಾಡಿಸುತ್ತೇವೆ.

ಬ್ರೌಸರ್‌ನಲ್ಲಿ ಇಮೇಲ್ ನೋಡುವ ರೂಢಿಯನ್ನು ಮನೆಮಾತಾಗಿಸಿದ್ದು 1996ರ ಜುಲೈ 4ರಂದು ಶುರುವಾದ ಹಾಟ್‌ಮೇಲ್. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವರು. ಯಾವ ಕಂಪ್ಯೂಟರಿನಿಂದಲಾದರೂ ನೋಡಬಹುದು ಎಂಬುದೇ ಅದರ ಆಕರ್ಷಣೆಯಾಗಿತ್ತು. ಯಾವ ಕಂಪ್ಯೂಟರಿನಲ್ಲಾದರೂ ತೆರೆದಿಟ್ಟು ಎದ್ದು ಹೋಗಬಹುದು ಎಂಬುದು ಅದರ ಇನ್ನೊಂದು ಮುಖ. ಸಂಜೆ ಪ್ರಯೋಗಾಲಯ ಮುಚ್ಚುವಾಗ ನಾಲ್ಕಾರು ಪರದೆಗಳಲ್ಲಿ ಯಾರದ್ದೋ ಅಂಚೆ ತೆರೆದೇ ಇರುತ್ತದೆ. ಹಾಸ್ಟೆಲ್ ತಲುಪಿದ ಮೇಲೆ ನೆನಪಾದರೂ ಉಪಾಯವಿದೆ. ಬೇರೊಂದು ಕಂಪ್ಯೂಟರಿನ ಬ್ರೌಸರ್‌ನಲ್ಲಿ ಜಿಮೇಲ್ ತೆರೆದರೆ ಪುಟದ ತೀರಾ ಕೆಳಗೆ, ಬಲ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ‘ವಿವರಗಳು’ ಎಂದಿರುತ್ತದೆ. ಅದನ್ನು ಒತ್ತಿ, ಬೇರೆ ಕಡೆ ತೆರೆದಿರುವುದನ್ನೆಲ್ಲ ಒಂದೇ ಸಲ ಮುಚ್ಚಬಹುದು. ಅಷ್ಟು ಮೂಲೆಯಲ್ಲಿಟ್ಟ ಈ ಗುಂಡಿಯನ್ನು ತೋರಿಸಿಕೊಡದೆ ನಾನು ಯಾರನ್ನೂ ಎದ್ದು ಹೋಗಲು ಬಿಡುವುದಿಲ್ಲ.

ವಿದ್ಯಾರ್ಥಿಗಳ ವಿಷಯ ಇಷ್ಟು. ಕಚೇರಿಗಳದ್ದು ಬೇರೆಯೇ ಕಥೆ.

ಒಂದು, ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಅಕ್ಷರ. ಹಳೆಯ ಆಸ್ಕಿ ನುಡಿಯಲ್ಲಿ ಟೈಪ್ ಮಾಡಿದ ಸುತ್ತೋಲೆಯನ್ನು ಇಮೇಲ್‌ನ ಒಳಗೆ ಅಂಟಿಸಿ ಕಳಿಸುತ್ತಾರೆ. ಓದುವವರಿಗೆ ಕಾಣುವುದು ನೆತ್ತಿಯ ಮೇಲೆ ಗೀಟು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಮನೆಯ ಮೂಲ ಮಾಲೀಕರೇ ಹೊರಗೆ ಬರುತ್ತಾರೆ. ಪಿಡಿಎಫ್ ಮಾಡಿದರೆ ಕಣ್ಣಿಗೆ ಸರಿಯಾಗಿ ಕಾಣುತ್ತದೆ, ಆದರೆ ಆರು ತಿಂಗಳ ನಂತರ ‘ಪರೀಕ್ಷಾ ಶುಲ್ಕ’ ಎಂದು ಹುಡುಕಿದರೆ ಸಿಗುವುದಿಲ್ಲ. ನುಡಿಯಲ್ಲೇ, ಕನ್ನಡಕ್ಕೆ ತನ್ನದೇ ಮನೆ ಕೊಟ್ಟಿರುವ ಯೂನಿಕೋಡ್ ಆಯ್ಕೆಯೂ ಪರಿವರ್ತಕವೂ ಇವೆ. ಗುಮಾಸ್ತರಿಗೆ ಬೆರಳು ಕೂತ ಕೀಲಿಮಣೆ ಬದಲಾಗುವುದಿಲ್ಲ ಎಂದು ಮೊದಲು ಹೇಳಿ, ಆಮೇಲೆ ಯೂನಿಕೋಡ್ ಮಾತೆತ್ತಿದರೆ ಅರ್ಧ ವಿರೋಧ ಅಲ್ಲಿಗೇ ತಣ್ಣಗಾಗುತ್ತದೆ.

ಇನ್ನೊಂದು, ಹುದ್ದೆಯ ಖಾತೆ. ವಿಭಾಗದ ಮುಖ್ಯಸ್ಥರ ಸ್ಥಾನ ಸರದಿಯ ಮೇಲೆ ಬದಲಾಗುತ್ತದೆ. ವಿಭಾಗದ ಇಮೇಲ್ ಮಾತ್ರ ಹಿಂದಿನವರ ಮೊಬೈಲ್‌ನಲ್ಲೇ ಉಳಿಯುತ್ತದೆ. ಅನುದಾನದ ಪತ್ರ, ಬಾಹ್ಯ ಪರೀಕ್ಷಕರ ಒಪ್ಪಿಗೆ ಎಲ್ಲವೂ ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿರುವವರ ಜೇಬಿನಲ್ಲಿ ಟಣ್ ಎನ್ನುತ್ತದೆ. ಅವರಿಗೆ ಫೋನ್ ಮಾಡಿ “ಸರ್, ಒಂದು ಕೋಡ್ ಬಂದಿರುತ್ತದೆ, ದಯವಿಟ್ಟು ಹೇಳುತ್ತೀರಾ” ಎಂದು ಕೇಳುವುದು ನಮ್ಮ ಪಾಲಿಗೆ. ಹಾಗೆ ಕೇಳುವಾಗಲೆಲ್ಲ, ಕೋಡನ್ನು ಯಾರಿಗೂ ಹೇಳಬೇಡಿ ಎಂದು ವಿದ್ಯಾರ್ಥಿಗಳಿಗೆ ಬೆಳಿಗ್ಗೆಯಷ್ಟೇ ಹೇಳಿದ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹುದ್ದೆಯ ವಿಳಾಸವನ್ನು ಒಬ್ಬರ ಖಾತೆಯಾಗಿ ಇಡದೆ ಗುಂಪಿನ ವಿಳಾಸವಾಗಿ ಮಾಡಿ, ಸದ್ಯದ ಮುಖ್ಯಸ್ಥರನ್ನೂ ಕಚೇರಿ ಸಹಾಯಕರನ್ನೂ ಅದಕ್ಕೆ ಸೇರಿಸುವುದೇ ಸರಿಯಾದ ದಾರಿ. ಸರದಿ ಬದಲಾದಾಗ ಒಂದು ಹೆಸರು ತೆಗೆದು ಇನ್ನೊಂದು ಹಾಕಿದರೆ ಮುಗಿಯಿತು. ಕೆಲವು ವಿಭಾಗಗಳು ಒಪ್ಪಿವೆ. ಉಳಿದವರಿಗಾಗಿ, ಚಾರ್ಜ್ ಹಸ್ತಾಂತರದ ಪಟ್ಟಿಯಲ್ಲಿ ಬೀರುವಿನ ಕೀಲಿ, ಮೊಹರು, ದಾಸ್ತಾನು ಪುಸ್ತಕದ ಕೆಳಗೆ ‘ವಿಭಾಗದ ಇಮೇಲ್’ ಎಂಬ ಒಂದು ಸಾಲು ಸೇರಿಸಬೇಕೆಂದು ಟಿಪ್ಪಣಿ ಮಂಡಿಸಿದ್ದೇವೆ. ಕಡತ ಸದ್ಯ ಆಡಳಿತ ವಿಭಾಗದಲ್ಲಿದೆ.