ಲರ್ವಿಕ್ಕಿನ ಆಂಡರ್ಸನ್ ಹೈಸ್ಕೂಲು ಮತ್ತು ಅದರ ಹಾಸ್ಟೆಲ್ಲು

ಸ್ಕಾಟ್ಲೆಂಡಿನ ಸರ್ಕಾರಿ ಪ್ರೌಢಶಾಲೆಗಳ ಮಾತು ಬಂದಾಗ ಎಡಿನ್‌ಬರೊ, ಅಬರ್ಡೀನ್ ನಗರಗಳ ಪುರಾತನ ಶಾಲೆಗಳ ಹೆಸರೇ ಮೊದಲು ಕೇಳಿಬರುತ್ತದೆ. ಹಾಸ್ಟೆಲ್ಲಿನಲ್ಲಿದ್ದು ಓದಿ ಬೆಳೆದವನಾದ ನನಗೆ ಅವೆಲ್ಲಕ್ಕಿಂತ ಹೆಚ್ಚು ಆಸಕ್ತಿ ಹುಟ್ಟಿಸಿರುವುದು ಶೆಟ್ಲೆಂಡ್ ದ್ವೀಪಗಳ ಮುಖ್ಯ ಪಟ್ಟಣವಾದ ಲರ್ವಿಕ್ಕಿನ ಆಂಡರ್ಸನ್ ಹೈಸ್ಕೂಲು. ಅಬರ್ಡೀನಿನಲ್ಲಿ ಸಂಜೆ ಹಡಗು ಹತ್ತಿದರೆ ಲರ್ವಿಕ್ ತಲುಪುವಾಗ ಬೆಳಗಾಗಿರುತ್ತದೆ. 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಊರಿನಲ್ಲಿ ಡಿಸೆಂಬರ್ ಕೊನೆಗೆ ಹಗಲು ಆರು ಗಂಟೆಯೂ ಇರುವುದಿಲ್ಲವಾದ್ದರಿಂದ, ಆ ದಿನಗಳಲ್ಲಿ ಮಕ್ಕಳು ಶಾಲೆಗೆ ಹೊರಡುವುದು ಕತ್ತಲೆಯಲ್ಲಿಯೇ.

ಶಾಲೆಗೆ ಹೆಸರು ಕೊಟ್ಟ ಆರ್ಥರ್ ಆಂಡರ್ಸನ್ ಹುಟ್ಟಿದ್ದು 1792ರಲ್ಲಿ, ಲರ್ವಿಕ್ಕಿನ ಅಂಚಿನ ಗ್ರೆಮಿಸ್ಟಾದಲ್ಲಿ. ಹುಡುಗನಾಗಿದ್ದಾಗ ಆತನಿಗೆ ಕಡಲದಂಡೆಯಲ್ಲಿ ಮೀನು ಒಣಗಿಸುವ ಕೆಲಸ. ಸೀಳಿ ಉಪ್ಪು ಹಾಕಿದ ಮೀನನ್ನು ದಂಡೆಯ ಕಲ್ಲುಗಳ ಮೇಲೆ ಒಂದೊಂದಾಗಿ ಹರವಬೇಕು, ಮೋಡ ಕವಿದರೆ ಓಡಿಹೋಗಿ ರಾಶಿ ಮಾಡಿ ಮುಚ್ಚಬೇಕು, ಬಿಸಿಲು ಬಿದ್ದರೆ ಮತ್ತೆ ಬಿಚ್ಚಿ ಹರವಬೇಕು. 1808ರಲ್ಲಿ ನೌಕಾಪಡೆ ಸೇರಿ, ನೆಪೋಲಿಯನ್ ಯುದ್ಧಗಳು ಮುಗಿದ ಮೇಲೆ ಕೆಲಸವಿಲ್ಲದೆ ಲಂಡನ್ನಿಗೆ ಹೋದ ಆಂಡರ್ಸನ್, ವಿಲ್‌ಕಾಕ್ಸ್ ಎಂಬ ಹಡಗು ದಲ್ಲಾಳಿಯ ಬಳಿ ಗುಮಾಸ್ತನಾಗಿ ಸೇರಿ ಕೆಲವೇ ವರ್ಷಗಳಲ್ಲಿ ಪಾಲುದಾರನಾದ. ಸ್ಪೇನ್ ಮತ್ತು ಪೋರ್ಚುಗಲ್‌ಗೆ ಟಪಾಲು ಸಾಗಿಸುವ ಗುತ್ತಿಗೆ 1837ರಲ್ಲಿ ಅವರಿಗೆ ಸಿಕ್ಕಿತು. ಅದೇ ಉದ್ದಿಮೆ 1840ರಲ್ಲಿ ಪಿ ಅಂಡ್ ಓ ಎಂಬ ಪ್ರಖ್ಯಾತ ಹಡಗು ಕಂಪನಿಯಾಯಿತು. ಮುಂದೆ ಆತ ಪಾರ್ಲಿಮೆಂಟಿನಲ್ಲಿ ಆರ್ಕ್ನಿ ಮತ್ತು ಶೆಟ್ಲೆಂಡಿನ ಪ್ರತಿನಿಧಿಯೂ ಆದ. ತಾನು ಹೊರಡಿಸಿದ ಪತ್ರಿಕೆಯ ಪುಟ ತುಂಬಿಸಲು, ಇಲ್ಲದ ಹಡಗೊಂದರಲ್ಲಿ ಫೇರೋ ಮತ್ತು ಐಸ್‌ಲೆಂಡಿಗೆ ವಿಹಾರ ಹೋಗಬಹುದೆಂದು ಜಾಹೀರಾತು ಹಾಕಿದ್ದ ತಮಾಷೆಯ ಮನುಷ್ಯನೂ ಹೌದು.

ತನ್ನ ಹಣದಿಂದ ಆತ ಕಟ್ಟಿಸಿಕೊಟ್ಟ ಆಂಡರ್ಸನ್ ಎಜುಕೇಷನಲ್ ಇನ್‌ಸ್ಟಿಟ್ಯೂಟ್ 1862ರಲ್ಲಿ, ಸಮುದ್ರಕ್ಕೆ ಮುಖ ಮಾಡಿದ ನ್ಯಾಬ್ ಎಂಬ ದಿಣ್ಣೆಯ ಮೇಲೆ ತೆರೆಯಿತು. ಆ ಹಣ ಎಲ್ಲಿಂದ ಬಂತೆಂಬುದನ್ನೂ ಹೇಳಬೇಕು. ಬ್ರಿಟನ್ ಮತ್ತು ಭಾರತದ ನಡುವಿನ ಟಪಾಲು ಹಾಗೂ ಪ್ರಯಾಣಿಕರ ಸಾಗಣೆಯಲ್ಲಿ ಕಂಪನಿ ಬೆಳೆಯಿತು. ಅದರ ಜೊತೆಗೆ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ನಮ್ಮ ದೇಶದಿಂದ ಚೀನಾಕ್ಕೆ ಹೋಗುತ್ತಿದ್ದ ಅಫೀಮಿನ ದೊಡ್ಡ ಪಾಲೂ ಈ ಹಡಗುಗಳಲ್ಲೇ ಹೋಗುತ್ತಿತ್ತು. ಶಾಲೆಯ ಚರಿತ್ರೆಯನ್ನು ಹೇಳುವವರು ಈ ಭಾಗವನ್ನು ಬಿಟ್ಟುಬಿಡುವುದು ನನಗೆ ಸರಿಕಾಣುವುದಿಲ್ಲ. ದಾನಿಯ ಮೇಲಿನ ಗೌರವಕ್ಕೆ ಅದರಿಂದ ಕುಂದು ಬರಬೇಕಾಗಿಯೂ ಇಲ್ಲ.

1970ರ ಹೊತ್ತಿಗೆ ಇದು ಊರಿನ ಇನ್ನೊಂದು ಶಾಲೆಯ ಪ್ರೌಢ ವಿಭಾಗದೊಡನೆ ಸೇರಿ ಆಂಡರ್ಸನ್ ಹೈಸ್ಕೂಲಾಯಿತು. ಅದೇ ದಶಕದಲ್ಲಿ ಸಮುದ್ರದ ತೈಲ ಸಿಕ್ಕು, ಸಲಮ್ ವೋ ಎಂಬಲ್ಲಿ ತೈಲ ಘಟಕ ಎದ್ದು, ಹೊರಗಿನಿಂದ ಜನ ಬಂದು, ಶಾಲೆಯೂ ಹಿಗ್ಗಿತು. ದ್ವೀಪಗಳ ಕೌನ್ಸಿಲ್ ತೈಲ ಕಂಪನಿಗಳೊಡನೆ ಗಟ್ಟಿಯಾಗಿ ಚೌಕಾಸಿ ಮಾಡಿ ಪಡೆದ ಹಣದಿಂದ ಕ್ರೀಡಾಕೇಂದ್ರಗಳು ಎದ್ದವು. ಶಾಲೆಗಳಲ್ಲಿ ಪಿಟೀಲು ಕಲಿಸುವ ಏರ್ಪಾಡೂ ಆದದ್ದು ಅದೇ ದಶಕದಲ್ಲಿ. ಶೆಟ್ಲೆಂಡಿನ ಜಾನಪದ ಪಿಟೀಲು ಇಂದಿಗೂ ಹದಿಹರೆಯದವರ ಕೈಯಲ್ಲಿ ಉಳಿದಿರುವುದಕ್ಕೆ ಇದು ಮುಖ್ಯ ಕಾರಣ.

2017ರ ಅಕ್ಟೋಬರಿನಲ್ಲಿ ಶಾಲೆ ಕ್ಲಿಕಿಮಿನ್ ಸರೋವರದ ಬಳಿಯ ಹೊಸ ಆವರಣಕ್ಕೆ ಸ್ಥಳಾಂತರಗೊಂಡಿತು. ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಸಾಲುವ ಕಟ್ಟಡ ಅದು. ಪಕ್ಕದಲ್ಲೇ ಈಜುಕೊಳ ಮತ್ತು ಓಟದ ಟ್ರ್ಯಾಕ್ ಇರುವ ಸಾರ್ವಜನಿಕ ಕ್ರೀಡಾಕೇಂದ್ರವಿರುವುದರಿಂದ, ಊರವರು ಬಳಸುವ ಸೌಲಭ್ಯವೇ ಶಾಲೆಗೂ ಒದಗುತ್ತದೆ. ಸರೋವರದ ಆಚೆ ಬದಿಯಲ್ಲಿ ಕಬ್ಬಿಣದ ಯುಗದ ದುಂಡನೆಯ ಕಲ್ಲುಕೋಟೆಯಿದೆ.

ಆದರೆ ಈ ಶಾಲೆಯನ್ನು ಬೇರೆಯವುಗಳಿಂದ ಪ್ರತ್ಯೇಕಿಸುವುದು ಆವರಣದೊಳಗಿನ ನೂರು ಹಾಸಿಗೆಗಳ ಹಾಸ್ಟೆಲ್ಲು. ಸುಮಾರು 23,000 ಜನಸಂಖ್ಯೆಯ ಶೆಟ್ಲೆಂಡಿನಲ್ಲಿ ಜನವಸತಿ ಇರುವ ದ್ವೀಪಗಳು ಹದಿನೈದಕ್ಕೂ ಹೆಚ್ಚು. ಅನ್‌ಸ್ಟ್, ಯೆಲ್ ದ್ವೀಪಗಳಲ್ಲಿ ನಾಲ್ಕನೆಯ ವರ್ಷದವರೆಗೆ ಮಾತ್ರ ಪ್ರೌಢಶಾಲೆಯಿದೆ. ನಮ್ಮ ಪಿಯುಸಿಗೆ ಹೋಲಿಸಬಹುದಾದ ಹೈಯರ್ ಪರೀಕ್ಷೆಗೆ ಓದಬೇಕಾದರೆ ಅಲ್ಲಿನವರು ಲರ್ವಿಕ್ಕಿಗೆ ಬರಬೇಕು. ಫೇರ್ ಐಲ್, ಫೌಲಾದಂಥ ಒಂಟಿ ದ್ವೀಪಗಳ ಮಕ್ಕಳಾದರೋ ಹನ್ನೆರಡರ ಆಸುಪಾಸಿನಲ್ಲಿಯೇ ಮನೆ ಬಿಡಬೇಕು. ಹತ್ತಿರದ ದ್ವೀಪಗಳವರು ವಾರದ ಕೊನೆಗೆ ಊರಿಗೆ ಹೋಗಿಬರುತ್ತಾರೆ. ಫೇರ್ ಐಲ್‌ನವರಿಗೆ ಆ ಅನುಕೂಲವಿಲ್ಲ, ಏಕೆಂದರೆ ಅಲ್ಲಿಗೆ ಹೋಗುವುದು ಒಂದು ಚಿಕ್ಕ ದೋಣಿ ಮತ್ತು ಏಳೆಂಟು ಜನ ಹಿಡಿಸುವ ಪುಟ್ಟ ವಿಮಾನ. ಮಂಜು ಕವಿದರೆ ವಿಮಾನವಿಲ್ಲ, ಅಲೆ ಎದ್ದರೆ ದೋಣಿಯಿಲ್ಲ. ಹಿಂದೆ ಬ್ರೂಸ್ ಹಾಸ್ಟೆಲ್, ಜಾನೆಟ್ ಕೋರ್ಟ್ನಿ ಹಾಸ್ಟೆಲ್ ಎಂದು ಬೇರೆಬೇರೆ ಕಟ್ಟಡಗಳಿದ್ದವು. ಅಜ್ಜಿ ತಾತಂದಿರ ಕಾಲದಿಂದಲೂ ಹಾಸ್ಟೆಲ್ಲಿನಲ್ಲೇ ಓದಿದ ಕುಟುಂಬಗಳು ಅಲ್ಲಿ ಸಾಕಷ್ಟಿವೆ.

ಈ ವ್ಯವಸ್ಥೆಯನ್ನು ಎಲ್ಲರೂ ಮೆಚ್ಚಿಕೊಂಡಿದ್ದಾರೆಂದೇನೂ ಇಲ್ಲ. ಔಟ್ ಸ್ಕೆರೀಸ್ ದ್ವೀಪದಲ್ಲಿ ಬೆರಳೆಣಿಕೆಯ ಮಕ್ಕಳಿದ್ದ, ಬ್ರಿಟನ್ನಿನಲ್ಲೇ ಅತಿ ಚಿಕ್ಕದೆಂದು ಹೆಸರಾಗಿದ್ದ ಪ್ರೌಢ ವಿಭಾಗವನ್ನು ಕೌನ್ಸಿಲ್ 2014ರಲ್ಲಿ ಮುಚ್ಚಿ, ಆ ಮಕ್ಕಳನ್ನು ಲರ್ವಿಕ್ಕಿಗೆ ಕಳಿಸಿತು. ಹೆಚ್ಚು ವಿಷಯಗಳು, ಹೆಚ್ಚು ಗೆಳೆಯರು, ಒಳ್ಳೆಯ ಪ್ರಯೋಗಾಲಯ ಸಿಗುತ್ತವೆಂಬ ವಾದದಲ್ಲಿ ಹುರುಳಿದೆ. ಆದರೂ ಶಾಲೆ ಹೋದ ದ್ವೀಪದಲ್ಲಿ ಮಕ್ಕಳಿರುವ ಸಂಸಾರಗಳು ನಿಲ್ಲುವುದಿಲ್ಲವೆಂಬ ದ್ವೀಪವಾಸಿಗಳ ಆತಂಕವೇ ನನಗೆ ಹೆಚ್ಚು ತೂಕದ್ದೆನಿಸುತ್ತದೆ. ಹಾಸ್ಟೆಲ್ಲು ಎಷ್ಟು ಚೆನ್ನಾಗಿದ್ದರೂ ಅದು ಲರ್ವಿಕ್ಕಿಗೆ ಸಿಕ್ಕ ಸೌಲಭ್ಯ, ಸ್ಕೆರೀಸಿಗೆ ಸಿಕ್ಕದ್ದಲ್ಲ.