ಪಪ್ಪನ ಜೇಬಲ್ಲಿದ್ದ ಬೀಗದ ಕೀ

2018ರ ಆಗಸ್ಟ್‌ನಲ್ಲಿ ಮನೆ ಬಿಟ್ಟು ಹೊರಡುವಾಗ ಪಪ್ಪ ಮುಂಬಾಗಿಲಿಗೆ ಬೀಗ ಹಾಕಿ, ಸರಿಯಾಗಿ ಬಿದ್ದಿದ್ಯಾ ಅಂತ ಒಂದ್ಸಲ ಎಳೆದು ನೋಡಿ, ಕೀನ ಪ್ಯಾಂಟ್ ಜೇಬಿಗೆ ಹಾಕ್ಕೊಂಡು ಬಂದಿದ್ರು. ಮಳೆ ಕಡಿಮೆ ಆದ್ರೆ ಎರಡು ದಿನದಲ್ಲಿ ವಾಪಸ್ ಬರೋದು ತಾನೇ ಅಂತ. ಮರುದಿನ ಮನೆ ಇರ್ಲಿಲ್ಲ, ಮನೆ ಹಿಂದಿನ ತೋಟ ಇರ್ಲಿಲ್ಲ, ಕಾಫಿ ಒಣಗಿಸೋ ಕಣ ಇರ್ಲಿಲ್ಲ, ಕೀ ಮಾತ್ರ ಜೇಬಲ್ಲಿತ್ತು.

ದೇವರ ಕರುಣೆ ಬಗ್ಗೆ ಬರೀಬೇಕು ಅಂತ ಎಷ್ಟು ಸಲ ಕೂತ್ರೂ ನಂಗೆ ಮೊದಲು ಕಣ್ಣಿಗೆ ಬರೋದು ಆ ಕೀನೇ, ಅದಕ್ಕೆ ಅಲ್ಲಿಂದಾನೇ ಶುರು ಮಾಡ್ತೀನಿ.

ನಮ್ದು ಕೊಡಗಿನ ಮಕ್ಕಂದೂರು ಕಡೆ. ಆಗಸ್ಟ್ 15 ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ, ಅವತ್ತು ಅಮ್ಮ ಆ ಮಳೇಲೂ ಚರ್ಚಿನ ಪೂಜೆಗೆ ಹೋಗಿ ಬಂದಿದ್ರು. ಅದಾಗಿ ಎರಡು ದಿನದೊಳಗೆ ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲ ಎಲ್ಲ ಕಡೆ ಗುಡ್ಡ ಜಾರಿತು, ಮಡಿಕೇರಿಯಿಂದ ಹೋಗೋ ರೋಡುಗಳು ಕಟ್ಟಾದ್ವು. ನಾನು ಆಗ ಮೈಸೂರಲ್ಲಿ ಕೆಲಸದಲ್ಲಿದ್ದೆ, ಒಂದೂವರೆ ದಿನ ಫೋನ್ ಸಿಗ್ಲಿಲ್ಲ, ಆ ಒಂದೂವರೆ ದಿನದ ಬಗ್ಗೆ ಬರೆಯೋಕೆ ನಂಗೆ ಇವತ್ತಿಗೂ ಆಗಲ್ಲ.

ಸುಂಟಿಕೊಪ್ಪದಲ್ಲಿ ಒಂದು ಹಾಲ್‌ನಲ್ಲಿ ಇದ್ರು ಅವರು. ನಾನು ಹೋಗೋ ಹೊತ್ತಿಗೆ ಅಮ್ಮ ಯಾರದೋ ಸ್ವೆಟರ್ ಹಾಕ್ಕೊಂಡು ಚಾಪೆ ಮೇಲೆ ಕೂತು ಜಪಸರ ಮಾಡ್ತಿದ್ರು, ಮುಸ್ಲಿಂ ಹುಡುಗರು ದೊಡ್ಡ ಪಾತ್ರೇಲಿ ಗಂಜಿ ಬೇಯಿಸ್ತಿದ್ರು, ಪಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ಅಮ್ಮ ನನ್ನ ನೋಡಿ ಹೇಳಿದ ಮೊದಲ ಮಾತು, "ನಮ್ಮ ಹಿರಿಯರೂ ಹೀಗೇ ಕೈ ಬೀಸ್ಕೊಂಡು ಕೊಡಗಿಗೆ ಬಂದವ್ರು ಕಣೆ." ಟಿಪ್ಪು ಕಾಲದಲ್ಲಿ ತಪ್ಪಿಸ್ಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಅರಸರು ಜಾಗ ಕೊಟ್ಟಿದ್ದು, 1792ರಲ್ಲಿ ವಿರಾಜಪೇಟೆಲಿ ಸಂತ ಅನ್ನಮ್ಮನವರ ಚರ್ಚ್ ಶುರುವಾಗಿದ್ದು, ಇದನ್ನೆಲ್ಲ ಅಮ್ಮ ನಮಗೆ ಚಿಕ್ಕಂದಿನಿಂದ ಕಥೆ ತರ ಹೇಳ್ತಿದ್ರು. ಅವತ್ತು ಆ ಚಾಪೆ ಮೇಲೆ ಕೂತು ಕೇಳಿದಾಗ ಮಾತ್ರ ಅದು ಕಥೆ ಅನ್ನಿಸ್ಲಿಲ್ಲ.

ಅಲ್ಲೇ ಇನ್ನೊಂದು ಮಾತೂ ಬಂತು. ಸಮಾಧಾನ ಹೇಳೋಕೆ ಅಂತ ಬಂದವರೊಬ್ರು, "ದೇವರು ಸುಮ್ ಸುಮ್ನೆ ಹೀಗೆ ಮಾಡಲ್ಲ, ಏನೋ ಪಾಪ ಇರ್ಬೇಕು" ಅಂದ್ರು. ಪಪ್ಪ ತಿರುಗಲಿಲ್ಲ, ಆದ್ರೆ ಕೇಳಿಸ್ಕೊಂಡ್ರು. ಆಮೇಲೆ ಅವರು ಊಟಕ್ಕೆ ಮುಂಚೆ ಶಿಲುಬೆ ಗುರುತು ಹಾಕೋದನ್ನೂ ಬಿಟ್ರು. ಚರ್ಚಿಗೆ ಹೋಗೋದಂತೂ ನಿಂತೇಹೋಯ್ತು.

ಈ ಮಾತನ್ನ ಯಾರಾದ್ರೂ ನೊಂದವರ ಹತ್ರ ಹೇಳೋಕೆ ಹೊರಟಿದ್ರೆ ದಯವಿಟ್ಟು ಹೇಳ್ಬೇಡಿ, ಕೈ ಮುಗಿದು ಕೇಳ್ತೀನಿ. ಬೈಬಲಲ್ಲಿ ಲೂಕನ ಶುಭಸಂದೇಶದ 13ನೇ ಅಧ್ಯಾಯ ತೆಗೆದು ನೋಡಿ. ಸಿಲೋವಾಂ ಅನ್ನೋ ಕಡೆ ಗೋಪುರ ಕುಸಿದು 18 ಜನ ಸತ್ತಿರ್ತಾರೆ, ಯೇಸುಸ್ವಾಮಿ ಆ ವಿಷಯ ತಾವೇ ಎತ್ತಿ, ಅವರು ಜೆರುಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದ್ಕೊಂಡ್ರಾ, ಇಲ್ಲ ಅಂತಾರೆ. ಪಶ್ಚಾತ್ತಾಪ ಎಲ್ಲರಿಗೂ ಬೇಕು ಅಂತ ಕೇಳ್ತಾ ನಿಂತವರಿಗೆ ಹೇಳ್ತಾರೆ, ಸತ್ತವರ ಕಡೆ ಬೆರಳು ತೋರ್ಸಲ್ಲ. ಗುಡ್ಡ ಜಾರಿದ ಊರಿನವಳಿಗೆ ಆ ಒಂದು "ಇಲ್ಲ" ಎಷ್ಟು ದೊಡ್ಡದು ಅಂತ ಹೇಗೆ ಹೇಳ್ಲಿ.

ಪಪ್ಪಂಗೆ ಆ ಮಾತು ಅಷ್ಟು ನಾಟೋಕೆ ಕಾರಣ ಬೇರೆನೂ ಇತ್ತು. ಪಪ್ಪನ ತಮ್ಮ, ನಾವು ಬಾಪ್ಪು ಅಂತೀವಿ, ಅವರಿಗೂ ಪಪ್ಪಂಗೂ 11 ವರ್ಷದಿಂದ ಮಾತಿರ್ಲಿಲ್ಲ. ತೋಟದ ಮಧ್ಯದಲ್ಲಿ ಸುಮಾರು ಅರ್ಧ ಎಕರೆ ಜಾಗ, ಅದರಲ್ಲಿ ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಒಳ್ಳೆ ಕರಿಮೆಣಸು ಬಳ್ಳಿ, ಅದು ಯಾರ ಪಾಲು ಅಂತ ಜಗಳ. ಸರ್ವೆಯವರು ಬಂದು ಹೋದ್ರು, ಕಲ್ಲು ನೆಟ್ರು, ರಾತ್ರೋರಾತ್ರಿ ಕಲ್ಲು ಕಿತ್ರು, ಕೋರ್ಟಿಗೆ ಹೋಯ್ತು. ಅಜ್ಜಿ ಮಣ್ಣು ಮಾಡೋ ದಿನ ಸಮಾಧಿ ಹತ್ರ ಅಣ್ಣ ತಮ್ಮ ಆ ಕಡೆ ಒಬ್ರು ಈ ಕಡೆ ಒಬ್ರು ನಿಂತಿದ್ರು. ಆ ಅರ್ಧ ಎಕರೆ ಬೆಳೆ ಸಮೇತ ಹೊಳೆಗೆ ಹೋಯ್ತು. ಆಮೇಲೂ ಕೇಸಿನ ಡೇಟ್ ಬರ್ತಾನೇ ಇತ್ತು. ಇಲ್ಲದ ಜಾಗಕ್ಕೆ ಕೇಸು, ಇಬ್ರೂ ವಾಪಸ್ ತಗೊಳ್ಳೋಕೆ ತಯಾರಿಲ್ಲ. ಪಾಪ ಅಂದ ಕೂಡ್ಲೇ ಪಪ್ಪಂಗೆ ಎಲ್ಲಿ ಮುಟ್ಟಿರ್ಬೇಕು ಅಂತ ನಂಗೆ ಗೊತ್ತಾಗೋಕೆ ತುಂಬಾ ದಿನ ಬೇಕಾಯ್ತು.

ಅಮ್ಮ ಮಾತ್ರ ಏನೂ ಹೇಳ್ತಿರ್ಲಿಲ್ಲ. ಜಂಬೂರಿನ ಕಡೆ ಹೊಸ ಮನೆ ಸಿಕ್ಕಿದ್ಮೇಲೆ ದಿನಾ ಮಧ್ಯಾಹ್ನ 3 ಗಂಟೆಗೆ, ಯೇಸುಸ್ವಾಮಿ ಶಿಲುಬೆ ಮೇಲೆ ಪ್ರಾಣ ಬಿಟ್ಟ ಹೊತ್ತು ಅಂತ, ದೈವ ಕರುಣೆಯ ಜಪ ಮಾಡೋರು. ಗೊತ್ತಿಲ್ಲದವರಿಗೆ ಹೇಳ್ತೀನಿ, ಅದಕ್ಕೆ ಬೇರೆ ಸರ ಬೇಕಾಗಿಲ್ಲ, ಮಾಮೂಲಿ ಜಪಸರದ ಮಣಿ ಹಿಡ್ಕೊಂಡೇ ಮಾಡೋದು, ಹೆಚ್ಚಂದ್ರೆ ಹತ್ತು ನಿಮಿಷ. ಯೇಸುವಿನ ಯಾತನೆ ನೋಡಿ ನಮ್ಮ ಮೇಲೂ ಇಡೀ ಲೋಕದ ಮೇಲೂ ಕರುಣೆ ಇಡಿ ಅಂತ ತಂದೆ ದೇವರನ್ನ ಪ್ರತಿ ಸಣ್ಣ ಮಣಿಗೂ ಕೇಳೋದು. ಅಮ್ಮ ಬೇಕಂತಲೇ ಪಪ್ಪ ಕೂತಿರೋ ಜಗಲಿಲೇ ಕೂತು ಮಾಡೋರು. ಪಪ್ಪ ಎದ್ದು ಹೋಗ್ತಿರ್ಲಿಲ್ಲ, ಬಾಯಿ ಬಿಡ್ತಾನೂ ಇರ್ಲಿಲ್ಲ, ಜೇಬಲ್ಲಿ ಕೈ ಹಾಕ್ಕೊಂಡು ಕೀ ಮುಟ್ಕೊಂಡು ಕೂತಿರೋರು.

ಈ ಜಪ ಬಂದಿದ್ದು ಸಂತ ಫೌಸ್ತಿನಾ ಅವರಿಂದ. ಪೋಲೆಂಡಿನ ಬಡ ರೈತರ ಮಗಳು, 1905ರಲ್ಲಿ ಹುಟ್ಟಿದ್ದು, ಹತ್ತು ಮಕ್ಕಳಲ್ಲಿ ಮೂರನೆಯವರು, ಸ್ಕೂಲಿಗೆ ಹೋಗಿದ್ದೇ ಮೂರು ವರ್ಷ. ಸನ್ಯಾಸಿನಿಯಾಗಿ ಸೇರಿದ ಕಾನ್ವೆಂಟಲ್ಲಿ ಅವರ ಕೆಲಸ ಅಡುಗೆಮನೆ, ತೋಟ, ಗೇಟು ಕಾಯೋದು. ಆಲೂಗಡ್ಡೆ ಬೇಯಿಸಿದ ಪಾತ್ರೆ ಎತ್ತಿ ನೀರು ಬಸಿಯೋಕೂ ಕೈಯಲ್ಲಿ ಶಕ್ತಿ ಇರ್ತಿರ್ಲಿಲ್ಲ ಅಂತ ಅವರೇ ಬರ್ಕೊಂಡಿದ್ದಾರೆ. 1931ರ ಫೆಬ್ರವರಿ 22ಕ್ಕೆ ಅವರಿಗೆ ಯೇಸುವಿನ ದರ್ಶನ ಆಯ್ತು, ಎದೆಯಿಂದ ಎರಡು ಕಿರಣ, ಒಂದು ಕೆಂಪು ಒಂದು ಬಿಳಿಚು. ನಮ್ಮ ಎಷ್ಟೋ ಮನೆಗಳಲ್ಲಿ ಗೋಡೆ ಮೇಲಿರೋ ಚಿತ್ರ ಅದೇ. 33 ವರ್ಷಕ್ಕೆ, 1938ರಲ್ಲಿ, ಕ್ಷಯ ಬಂದು ತೀರ್ಕೊಂಡ್ರು.

ನನ್ನನ್ನ ಹೆಚ್ಚು ಹಿಡಿದು ನಿಲ್ಲಿಸಿದ್ದು ಅವರು ಸತ್ತ ಮೇಲಿನ ಕಥೆ. 1959ರಲ್ಲಿ ರೋಮಿನವರೇ, ಅಂದ್ರೆ ನಮ್ಮ ಧರ್ಮಸಭೆಯ ಮೇಲಿನವರೇ, ಈ ಭಕ್ತಿನ ಅವರು ಬರೆದ ರೂಪದಲ್ಲಿ ಹರಡಬಾರದು ಅಂತ ತಡೆ ಹಾಕಿದ್ರು. ಆ ತಡೆ ತೆಗೆದಿದ್ದು 1978ರಲ್ಲಿ. 19 ವರ್ಷ! 2000ನೇ ಇಸವಿ ಏಪ್ರಿಲ್ 30ಕ್ಕೆ ಜಗದ್ಗುರು, ಅಂದ್ರೆ ಪೋಪ್, ಎರಡನೇ ಜಾನ್ ಪಾಲ್ ಬಂದು ಫೌಸ್ತಿನಾ ಅವರನ್ನ ಸಂತರು ಅಂತ ಘೋಷಿಸಿ, ಪಾಸ್ಖ ಹಬ್ಬದ (ಈಸ್ಟರ್) ಮುಂದಿನ ಭಾನುವಾರ ಇಡೀ ಧರ್ಮಸಭೆಗೇ ದೈವ ಕರುಣೆಯ ಭಾನುವಾರ ಅಂದ್ರು. ಅಷ್ಟು ವರ್ಷ ಕರುಣೆಯ ಜಪಾನೇ ಬಾಗಿಲ ಹೊರಗೆ ಕಾದಿತ್ತು ಅಂದ್ಮೇಲೆ ನಮ್ಮ ಪಪ್ಪಂಗೋಸ್ಕರ ನಾನು ಇನ್ನೂ ಸ್ವಲ್ಪ ದಿನ ಕಾಯಬಹುದು ಅಂತ ನಂಗೆ ಅನ್ನಿಸ್ತಿತ್ತು.

ಅದೇ ಜಾನ್ ಪಾಲ್ ಅವರಿಗೆ 1981ರ ಮೇ 13ಕ್ಕೆ ಗುಂಡು ಹೊಡೆದಿದ್ರಲ್ಲ, 1983ರ ಕ್ರಿಸ್ಮಸ್ ಆಗಿ ಎರಡನೇ ದಿನ ಅವರು ಜೈಲಿಗೆ ಹೋಗಿ ಗುಂಡು ಹೊಡೆದವನ ಎದುರಿಗೆ ಕುರ್ಚಿ ಹಾಕ್ಕೊಂಡು ಕೂತು ಮಾತಾಡಿದ್ರು. ಅದಾಗಿ ಒಂದೂವರೆ ತಿಂಗಳಿಗೆ, 1984ರ ಫೆಬ್ರವರಿ 11ಕ್ಕೆ, ಮನುಷ್ಯನ ಯಾತನೆಗೆ ಏನರ್ಥ ಅಂತ ಒಂದು ಪತ್ರ ಬರೆದ್ರು. ಪುಸ್ತಕ ಓದಿ ಬರೆದ ಪತ್ರ ಅಲ್ಲ ಅದು, ಹೊಟ್ಟೇಲಿ ಗುಂಡಿನ ಗಾಯ ಇಟ್ಕೊಂಡು ಬರೆದಿದ್ದು. ಒಂದಿನ ಧೈರ್ಯ ಮಾಡಿ ಪಪ್ಪಂಗೆ ಇದನ್ನ ಹೇಳಿದೆ. ಪಪ್ಪ ಇಷ್ಟೇ ಅಂದ್ರು, "ಅವ್ರು ಪೋಪ್. ನಾನಲ್ಲ."

ನಾನು ಸುಮ್ಮನಾದೆ.

2022ರ ಏಪ್ರಿಲ್ 24, ದೈವ ಕರುಣೆಯ ಭಾನುವಾರ. ಅವತ್ತಿನ ಶುಭಸಂದೇಶ ಪ್ರತಿ ವರ್ಷ ಒಂದೇ, ಯೊವಾನ್ನನ 20ನೇ ಅಧ್ಯಾಯ, ಯೇಸುವಿನ ಶಿಷ್ಯ ಸಂತ ತೋಮನದ್ದು. ಯೇಸು ಸತ್ತು ಎದ್ದು ಬಂದಿದ್ದನ್ನ ಗಾಯ ಮುಟ್ಟದೆ ನಂಬಲ್ಲ ಅಂದವನ ಎದುರು ಅವರೇ ಬಂದು ನಿಲ್ತಾರೆ, ಮುಟ್ಟು ಅಂತಾರೆ. ಚಿಕ್ಕಂದಿನಿಂದ ಕೇಳಿದ್ದೀನಿ ಇದನ್ನ, ಆದ್ರೆ ಅವತ್ತು ಪೂಜೆಲಿ ನಿಂತಾಗ ಒಂದು ವಿಷಯ ಹೊಸದಾಗಿ ಹೊಳೀತು: ಸಾವನ್ನೇ ಗೆದ್ದು ಎದ್ದು ಬಂದವರು, ಆ ಗಾಯ ಮಾತ್ರ ಯಾಕೆ ಹಾಗೇ ಇಟ್ಕೊಂಡ್ರು? ವಾಸಿ ಮಾಡ್ಕೊಳ್ಳೋಕೆ ಆಗ್ತಿರ್ಲಿಲ್ವಾ? ಆ ಚಿತ್ರದ ಕಿರಣಾನೂ ಈಟಿ ಹಾಕಿದ ಎದೆಯಿಂದಾನೇ ಬರೋದು, ರಕ್ತ ಮತ್ತು ನೀರು. ನಾನು ಅಲ್ಲಿವರೆಗೆ ಕೇಳ್ತಿದ್ದಿದ್ದು ಪಪ್ಪನ ಗಾಯ ಅಳಿಸಿಹಾಕು ಅಂತ. ಅದು ತಪ್ಪು ಬೇಡಿಕೆ ಅಂತ ಅವತ್ತು ಅನ್ನಿಸ್ತು. ಹೋದ ಮನೆ ಹೋದದ್ದೇ, ಅದನ್ನ ಯಾರೂ ಇಲ್ಲ ಅನ್ನೋಕಾಗಲ್ಲ, ದೇವರೂ ಹಾಗನ್ನಲ್ಲ. ಆ ಗಾಯ ಇದ್ದ ಹಾಗೇ ಅದರಿಂದಾನೇ ಏನಾದ್ರೂ ಒಳ್ಳೇದು ಹೊರಗೆ ಬರ್ಲಿ ಅಂತ ಕೇಳ್ಕೊಂಡೆ. ಪರಮಪ್ರಸಾದ ತಗೊಂಡು ಬಂದು ಕೂತಾಗ ಅಳು ತಡ್ಕೊಳ್ಳೋಕಾಗ್ಲಿಲ್ಲ.

ಮಧ್ಯಾಹ್ನ ಜಗಲಿಲಿ ಅಮ್ಮ ಜಪ ಮುಗಿಸ್ತಿದ್ರು. ಗೇಟ್ ಸದ್ದಾಯ್ತು. ಬಾಪ್ಪು. ತುಂಬಾ ಇಳಿದುಹೋಗಿದ್ರು, ಶರ್ಟು ಹ್ಯಾಂಗರಿಗೆ ಹಾಕಿದ ಹಾಗೆ ಕಾಣ್ತಿತ್ತು. ಮೆಟ್ಟಿಲ ಕೆಳಗೇ ನಿಂತು, "ಅಣ್ಣಾ, ನಿನ್ನೆ ಪಾಪನಿವೇದನೆಗೆ ಹೋಗಿದ್ದೆ. ಫಾದರ್ ದೊಡ್ಡದೇನೂ ಹೇಳ್ಲಿಲ್ಲ. ನಿಮ್ಮ ಅಣ್ಣನ ಮನೆಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ, ಅದೇ ನಿಮ್ಮ ಪ್ರಾಯಶ್ಚಿತ್ತ ಅಂದ್ರು" ಅಂದ್ರು.

ಪಪ್ಪ ಮಾತಾಡ್ಲಿಲ್ಲ. ಅಮ್ಮ ಜಪಸರ ಕೈಲೇ ಹಿಡ್ಕೊಂಡು ಒಳಗೆ ಓಡಿದ್ರು. ನಾನು ಕುರ್ಚಿ ತಂದಿಟ್ಟೆ. ಎಷ್ಟು ಹೊತ್ತು ಹಾಗೇ ಕೂತಿದ್ರೋ, ಅಮ್ಮ ಕಾಫಿ ಲೋಟ ತಂದಾಗ ಪಪ್ಪ ಬಾಗಿಲ ಕಡೆ ನೋಡಿ, "ಅವನಿಗೆ ಸಕ್ಕರೆ ಹಾಕ್ಬೇಡ, ಶುಗರ್ ಇದೆ" ಅಂದ್ರು.

ಮಾತು ಬಿಟ್ಟು ಅಷ್ಟು ವರ್ಷ. ತಮ್ಮಂಗೆ ಶುಗರ್ ಬಂದಿದೆ ಅಂತ ಪಪ್ಪಂಗೆ ಯಾರು ಹೇಳಿದ್ರು, ಎಷ್ಟು ದಿನದಿಂದ ಅದನ್ನ ಮನಸ್ಸಲ್ಲಿ ಇಟ್ಕೊಂಡಿದ್ರು, ನಮಗೆ ಯಾರಿಗೂ ಗೊತ್ತಿಲ್ಲ. ಬಾಪ್ಪು ಲೋಟ ಹಿಡ್ಕೊಂಡೇ ಅತ್ರು.

ಎಲ್ಲ ಸರಿಹೋಯ್ತು ಅಂತ ನಾನು ಬರೆಯಲ್ಲ. ಪಪ್ಪ ಇವತ್ತಿಗೂ ಪ್ರತಿ ಭಾನುವಾರ ಪೂಜೆಗೆ ಬರಲ್ಲ, ಮಳೆ ಜೋರಾದ ರಾತ್ರಿ ನಿದ್ದೆ ಮಾಡಲ್ಲ, ಟಾರ್ಚ್ ಹಿಡ್ಕೊಂಡು ಓಡಾಡ್ತಾರೆ. ಕೇಸ್ ವಾಪಸ್ ತಗೊಂಡ್ರು. ಬಾಪ್ಪು ತಿಂಗಳಿಗೆ ಒಂದೆರಡು ಸಲ ಬರ್ತಾರೆ, ಇಬ್ರೂ ಕಾಫಿ ರೇಟು ಮಾತಾಡ್ತಾರೆ, ಜಾಗದ ಮಾತು ಎತ್ತಲ್ಲ. ಅಮ್ಮ 3 ಗಂಟೆಗೆ ಶುರು ಮಾಡಿದ್ರೆ ಕೆಲವು ದಿನ ಪಪ್ಪನ ತುಟಿ ಅಲ್ಲಾಡೋದು ನೋಡಿದ್ದೀನಿ, ನೋಡಿದ ಹಾಗೆ ಮಾಡಲ್ಲ ನಾನು.

ಆ ಭಾನುವಾರ ಬಾಪ್ಪು ಹೊರಡೋಕೆ ಮುಂಚೆ ಪಪ್ಪ ಜೇಬಿಂದ ಕೀ ತೆಗೆದು ಇಬ್ಬರ ಮಧ್ಯೆ ಇದ್ದ ಸ್ಟೂಲ್ ಮೇಲಿಟ್ರು. ನಾಲ್ಕು ವರ್ಷ ಬೆರಳು ಆಡ್ಸಿ ಆಡ್ಸಿ ಹಿತ್ತಾಳೆ ಹೊಳೀತಿತ್ತು. ಬಾಪ್ಪು ಅದನ್ನ ಕೈಗೆ ತಗೊಂಡು, ಹಲ್ಲುಗಳ ಮೇಲೆ ಹೆಬ್ಬೆರಳು ಸವರಿ, ಸ್ವಲ್ಪ ಹೊತ್ತು ನೋಡಿದ್ರು.

"ಇದು ಅಪ್ಪ ತಂದು ಹಾಕಿದ ಬೀಗದ್ದಲ್ವಾ ಅಣ್ಣ?"

"ಹೂಂ," ಅಂದ್ರು ಪಪ್ಪ, "ಮಳೆಗಾಲದಲ್ಲಿ ಸ್ವಲ್ಪ ಹಿಡೀತಿತ್ತು. ಎಣ್ಣೆ ಹಾಕ್ಬೇಕಿತ್ತು."