‘ಮೈಸ್ಪೇಸ್‌ನಿಂದ ಗೆದ್ದ ಹಾಡು ತಾನೇ ಅದು?’

ಆರ್ಕ್ಟಿಕ್ ಮಂಕೀಸ್ ಎಂಬ ಇಂಗ್ಲಿಷ್ ರಾಕ್ ಬ್ಯಾಂಡಿನ ಹೆಸರು ಎತ್ತಿದರೆ ಸಾಕು, ಯಾರಾದರೊಬ್ಬರು ಈ ಪ್ರಶ್ನೆ ಎಸೆಯುತ್ತಾರೆ. ‘ಐ ಬೆಟ್ ಯು ಲುಕ್ ಗುಡ್ ಆನ್ ದ ಡ್ಯಾನ್ಸ್‌ಫ್ಲೋರ್’ ಹಾಡು ಮೈಸ್ಪೇಸ್ ಎಂಬ ಆಗಿನ ಸೋಶಿಯಲ್ ಮೀಡಿಯಾ ವೆಬ್‌ಸೈಟಿನಿಂದ ಗೆದ್ದದ್ದು, ಅಲ್ವಾ? ಅಲ್ಲ. ಹೇಳಿ ಹೇಳಿ ಬಾಯಿ ನೋಯುತ್ತಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಇಂಗ್ಲೆಂಡಿನ ಶೆಫೀಲ್ಡ್ ಊರಿನ ಈ ನಾಲ್ಕು ಹುಡುಗರು 2003ರಲ್ಲಿ ಊರಿನ ಪಬ್ಬುಗಳಲ್ಲಿ ನುಡಿಸಲು ಶುರು ಮಾಡಿದರು. ತಮ್ಮ ಹಾಡುಗಳನ್ನು ಸಿಡಿಗೆ ಹಾಕಿ, ಬಂದವರಿಗೆ ಪುಕ್ಕಟೆ ಹಂಚಿದರು. ಸಿಡಿ ಸಿಕ್ಕವರು ಇಂಟರ್ನೆಟ್ಟಿನಲ್ಲಿ ಬೇರೆಯವರಿಗೆ ದಾಟಿಸಿದರು. ಮೈಸ್ಪೇಸ್ ಪುಟ ಮಾಡಿದ್ದೂ ಅಭಿಮಾನಿಗಳೇ. ಅದು ಏನೆಂದೇ ತಮಗೆ ಗೊತ್ತಿರಲಿಲ್ಲ ಎಂದು ಬ್ಯಾಂಡಿನವರೇ ಹೇಳಿದ್ದಾರೆ. 2005ರ ಅಕ್ಟೋಬರ್‌ನಲ್ಲಿ ಡಾಮಿನೋ ಎಂಬ ಸಂಗೀತ ಕಂಪನಿ ಈ ಹಾಡನ್ನು ಸಿಂಗಲ್ ಆಗಿ, ಅಂದರೆ ಆಲ್ಬಮ್ಮಿನಿಂದ ಬೇರೆಯಾಗಿ, ಬಿಡುಗಡೆ ಮಾಡಿತು. ಅಷ್ಟರಲ್ಲಿ ಕಾರ್ಯಕ್ರಮಕ್ಕೆ ಬರುವವರಿಗೆ ಇವರ ಹಾಡುಗಳು ಬಾಯಿಪಾಠ. ಸಿಂಗಲ್ ಸೀದಾ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 1ನೇ ಸ್ಥಾನಕ್ಕೆ ಹೋಯಿತು. ಗೆಲ್ಲಿಸಿದ್ದು ಸಿಡಿ ಕಾಪಿ ಮಾಡಿ ಗೆಳೆಯರಿಗೆ ಕೊಟ್ಟ ಆ ಹುಡುಗ ಹುಡುಗಿಯರು. ಅವರ ಹೆಸರು ಯಾರಿಗೂ ಬೇಡ, ವೆಬ್‌ಸೈಟಿನ ಹೆಸರು ಮಾತ್ರ ಬೇಕು!

ಗೆಳೆಯರ ಮನೆಯಲ್ಲಿ ಒಮ್ಮೆ ಊಟಕ್ಕೆ ಕೂತಿದ್ದೆವು. ಈ ಹಾಡಿನ ಮಾತು ಬಂದಾಗ ಮಾರ್ಕೆಟಿಂಗ್ ಕೆಲಸದವರೊಬ್ಬರು ‘ಬಹಳ ಒಳ್ಳೆ ಕೇಸ್ ಸ್ಟಡಿ ಅದು’ ಎಂದರು. ಹಾಡು ಹೇಗನಿಸಿತು ಅಂತ ಕೇಳಿದೆ. ‘ಹಾಡು ಕೇಳಿಲ್ಲ’ ಎಂದರು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಅವತ್ತು ಜೋರಾಗಿಯೇ ಜಗಳವಾಡಿದೆ. ಇವತ್ತೂ ಆಡುತ್ತೇನೆ.

ನನ್ನನ್ನು ಡ್ರಮ್ಸ್ ಬಗ್ಗೆ ಕೇಳಿ. ಯಾರೂ ಕೇಳುವುದಿಲ್ಲ. ಬ್ಯಾಂಡ್ ಕಟ್ಟುವಾಗ ಉಳಿದವರೆಲ್ಲ ಬೇರೆ ವಾದ್ಯ ಹಿಡಿದಿದ್ದರು, ಮ್ಯಾಟ್ ಹೆಲ್ಡರ್ಸ್ ಪಾಲಿಗೆ ಡ್ರಮ್ಸ್ ಮಿಕ್ಕಿತ್ತು. ಅಂಥವನು ಇಲ್ಲಿ ಗಿಟಾರುಗಳನ್ನೇ ಅಟ್ಟಿಸಿಕೊಂಡು ಹೋಗುತ್ತಾನೆ. ಶುರುವಿನ ಆ ಹೊಡೆತ ಕೇಳಿ ಕೂತಲ್ಲೇ ಇರಲು ನನ್ನಿಂದ ಆಗುವುದಿಲ್ಲ. ಹಾಡುಗಾರ ಅಲೆಕ್ಸ್ ಟರ್ನರ್‌ಗೆ ಆಗ 19 ವರ್ಷ. ಕುಣಿಯುವ ಜಾಗದಲ್ಲಿ ಕಣ್ಣಿಗೆ ಬಿದ್ದ ಹುಡುಗಿಯ ಬಗ್ಗೆ ಶೆಫೀಲ್ಡಿನ ಉಚ್ಚಾರದಲ್ಲೇ ಹಾಡುತ್ತಾನೆ. ಇಲ್ಲಿ ಪ್ರೇಮವೂ ಇಲ್ಲ, ರೋಮಿಯೋ ಜೂಲಿಯೆಟ್‌ರ ಮನೆತನಗಳೂ ಇಲ್ಲ, ಬರೀ ಕುಣಿಸುವ ಹಾಡುಗಳು ಎನ್ನುತ್ತಾನೆ. ಒಂದು ರಾತ್ರಿಯ ಹುರುಪು, ಬೆವರು, ಸಣ್ಣ ಬೇಸರ ಎಲ್ಲ ಮೂರು ನಿಮಿಷದೊಳಗೆ ಬಂದು ಹೋಗುತ್ತದೆ.

ಈ ಹಾಡಿನ ವಿಡಿಯೋದಲ್ಲಿ ಅವರು ಲೈವ್ ಆಗಿಯೇ ನುಡಿಸಿದ್ದಾರೆ. ಶುರು ಮಾಡುವ ಮುಂಚೆ ಟರ್ನರ್ ಹಾಡಿನ ಹೆಸರು ಹೇಳಿ, ನಮ್ಮ ಬಗ್ಗೆ ಎದ್ದಿರುವ ಗದ್ದಲವನ್ನು ನಂಬಬೇಡಿ ಎನ್ನುತ್ತಾನೆ. 2005ರಲ್ಲೇ ಹೇಳಿದ್ದಾನೆ ನೋಡಿ.